ತೇಲುವ ರೈಲಿಗೆ ನೆಲದಡಿಯ ನೀರೇ ತೊಡಕು

ಹಳಿ ಮುಟ್ಟದೆ ಗಂಟೆಗೆ 500 ಕಿ.ಮೀ. ವೇಗದಲ್ಲಿ ರೈಲು ಓಡಿಸಬಹುದೇ ಎಂಬ ಪ್ರಶ್ನೆಗೆ ಜಪಾನ್ ಎಂದೋ ಉತ್ತರ ನೀಡಿದೆ. 2015ರ ಏಪ್ರಿಲ್ 21ರಂದು ಯಾಮಾನಾಶಿಯ ಪರೀಕ್ಷಾ ಮಾರ್ಗದಲ್ಲಿ ಅದರ ಅತಿವಾಹಕ ಮ್ಯಾಗ್ಲೆವ್ ರೈಲು 603 ಕಿ.ಮೀ. ವೇಗ ತಲುಪಿ ವಿಶ್ವದಾಖಲೆ ಸ್ಥಾಪಿಸಿತು. ಆದರೆ ಟಿಕೆಟ್ ಕೊಂಡ ಪ್ರಯಾಣಿಕ ಅದರಲ್ಲಿ ಟೋಕಿಯೋದಿಂದ ನಗೋಯಾ ತಲುಪುವ ದಿನ ಮಾತ್ರ ಮುಂದೆ ಸರಿಯುತ್ತಲೇ ಇದೆ. 2027ರ ಗುರಿಯನ್ನು ಜೆಆರ್ ಸೆಂಟ್ರಲ್ ಕಂಪನಿ 2024ರ ಮಾರ್ಚ್‌ನಲ್ಲಿ ಕೈಬಿಟ್ಟಿತು.

ತಂತ್ರಜ್ಞಾನದಲ್ಲಿ ದೋಷವಿಲ್ಲ. ನಿಯೋಬಿಯಂ-ಟೈಟಾನಿಯಂ ತಂತಿಯ ಸುರುಳಿಗಳನ್ನು ದ್ರವ ಹೀಲಿಯಂನಿಂದ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದಾಗ ಅವು ವಿದ್ಯುತ್ತಿಗೆ ಪ್ರತಿರೋಧವನ್ನೇ ಒಡ್ಡವು. ಹೀಗೆ ಅತಿ ಪ್ರಬಲವಾದ ಅಯಸ್ಕಾಂತ ಸಿದ್ಧವಾಗುತ್ತದೆ. ಮೊದಲು ರಬ್ಬರ್ ಚಕ್ರಗಳ ಮೇಲೆ ಉರುಳುವ ರೈಲು, ವೇಗ ಸುಮಾರು 150 ಕಿ.ಮೀ. ದಾಟಿದ ಬಳಿಕ 10 ಸೆಂ.ಮೀ. ಮೇಲೇಳುತ್ತದೆ. ಸಾಮಾನ್ಯ ವಿದ್ಯುತ್ಕಾಂತ ಬಳಸುವ ಶಾಂಘೈ ರೈಲು ತೇಲುವುದು ಕೇವಲ ಒಂದು ಸೆಂ.ಮೀ.ನಷ್ಟು. ಪದೇ ಪದೇ ಭೂಮಿ ಕಂಪಿಸುವ ನಾಡಿಗೆ ಈ ವ್ಯತ್ಯಾಸ ಸಣ್ಣದಲ್ಲ.

ತೊಡಕಿರುವುದು ವೇಗದಲ್ಲೇ. ಇಷ್ಟು ವೇಗದ ರೈಲಿಗೆ ತಿರುವುಗಳ ತ್ರಿಜ್ಯ ಕನಿಷ್ಠ 8 ಕಿ.ಮೀ. ಇರಬೇಕು. ಬೆಟ್ಟವನ್ನು ಬಳಸಿ ಹೋಗುವಂತಿಲ್ಲ, ಕೊರೆದೇ ಸಾಗಬೇಕು. ಆದ್ದರಿಂದಲೇ 286 ಕಿ.ಮೀ. ಮಾರ್ಗದ ಶೇ. 86ರಷ್ಟು ಭಾಗ ಸುರಂಗ. ದಕ್ಷಿಣ ಆಲ್ಪ್ಸ್ ಪರ್ವತದಡಿಯ 25 ಕಿ.ಮೀ. ಸುರಂಗದಲ್ಲಿ ಸುಮಾರು 9 ಕಿ.ಮೀ. ಶಿಜುವೋಕಾ ಪ್ರಾಂತ್ಯಕ್ಕೆ ಸೇರಿದೆ. ಅಲ್ಲಿ ಈ ರೈಲಿಗೆ ಒಂದು ನಿಲ್ದಾಣವೂ ಇಲ್ಲ! ಸುಮಾರು 6 ಲಕ್ಷ ಜನರಿಗೆ ನೀರುಣಿಸುವ ಓಯಿ ನದಿಯ ಮೂಲ ಮಾತ್ರ ಅಲ್ಲೇ ಇದೆ. ಸುರಂಗಕ್ಕೆ ಸೋರುವ ನೀರು ನದಿಗೆ ಮರಳುವ ಖಾತರಿ ಬೇಕೆಂದು ಗವರ್ನರ್ ಹೇಯಿತಾ ಕವಾಕತ್ಸು ವರ್ಷಗಟ್ಟಲೆ ಅನುಮತಿ ತಡೆಹಿಡಿದರು. ಅವರದು ಬರಿಯ ಹಟ ಎಂದವರುಂಟು. ಅವರು 2024ರಲ್ಲಿ ಬೇರೊಂದು ವಿವಾದದಿಂದಾಗಿ ಅಧಿಕಾರ ತೊರೆದರು. ಅದೇ ವರ್ಷ ಗಿಫು ಪ್ರಾಂತ್ಯದ ಮಿಜುನಾಮಿಯಲ್ಲಿ ಸುರಂಗ ಕೊರೆತದ ನಡುವೆ ಬಾವಿಗಳ ನೀರಿನ ಮಟ್ಟ ಕುಸಿದು, ಕಾಮಗಾರಿಯನ್ನೇ ನಿಲ್ಲಿಸಬೇಕಾಯಿತು. ಅಂದ ಮೇಲೆ ಶಿಜುವೋಕಾದ ಆತಂಕವನ್ನು ಕಲ್ಪಿತವೆನ್ನಲು ಬಾರದು.

ವೆಚ್ಚದ ಏರಿಕೆಯೂ ರೈಲಿನಷ್ಟೇ ವೇಗದ್ದು. ಆರಂಭದಲ್ಲಿ 5.5 ಲಕ್ಷ ಕೋಟಿ ಯೆನ್ ಇದ್ದ ಅಂದಾಜು 2021ರಲ್ಲಿ 7 ಲಕ್ಷ ಕೋಟಿಗೆ, 2025ರಲ್ಲಿ 11 ಲಕ್ಷ ಕೋಟಿಗೆ ಏರಿತು. ಪ್ರತಿಫಲವೆಂದರೆ, ಈಗಿನ ಶಿಂಕಾನ್‌ಸೆನ್ ಸುಮಾರು 100 ನಿಮಿಷಗಳಲ್ಲಿ ಕ್ರಮಿಸುವ ದೂರಕ್ಕೆ 40 ನಿಮಿಷ ಸಾಕಾಗುತ್ತದೆ. ವಿದ್ಯುತ್ ಬಳಕೆ ಮಾತ್ರ ಹಲವು ಪಟ್ಟು ಅಧಿಕ. 1964ರ ಹಳೆಯ ಮಾರ್ಗ ಭೂಕಂಪಕ್ಕೆ ಸಿಲುಕಿದರೆ ಪರ್ಯಾಯ ಬೇಕೆಂಬ ವಾದದಲ್ಲಿ ಹುರುಳಿದೆ, ನಿಜ. ಆದರೆ ಆ ಪರ್ಯಾಯ ತೇಲಲೇಬೇಕಿತ್ತೇ? ಸಾಮಾನ್ಯ ಶಿಂಕಾನ್‌ಸೆನ್ ಹಳಿ ಹಾಕಿದ್ದರೆ ಇರುವ ಜಾಲಕ್ಕೆ ಅದು ಕೂಡಿಕೊಳ್ಳುತ್ತಿತ್ತು. ಮ್ಯಾಗ್ಲೆವ್ ಮಾರ್ಗದಲ್ಲಿ ಬೇರೆ ಯಾವ ರೈಲೂ ಓಡದು.

ಜರ್ಮನಿಯು ಮ್ಯೂನಿಕ್ ವಿಮಾನ ನಿಲ್ದಾಣದ ಮ್ಯಾಗ್ಲೆವ್ ಯೋಜನೆಯನ್ನು ವೆಚ್ಚ ಮಿತಿಮೀರಿತೆಂದು 2008ರಲ್ಲೇ ಕೈಬಿಟ್ಟಿತು. ಆಗ ಅಲ್ಲಿ ಮಾರ್ಗದ ನಿರ್ಮಾಣ ಆರಂಭವಾಗಿರಲಿಲ್ಲ. ಜಪಾನಿಗೆ ಆ ಅನುಕೂಲವೂ ಉಳಿದಿಲ್ಲ. ಟೋಕಿಯೋದ ಶಿನಾಗಾವಾ ಹಾಗೂ ನಗೋಯಾ ನಿಲ್ದಾಣಗಳ ಕೆಳಗೆ ನೆಲದಾಳದ ಕಾಮಗಾರಿ ಬಹಳ ಮುಂದೆ ಸಾಗಿದೆ.