ಹೊಗೆ ಊರು ಬದಲಿಸಿದರೆ ಸಾಲದು

ಕೆಮ್ಮು-ದಮ್ಮುಗಳಿಂದ ಬಳಲಿ ನಮ್ಮಲ್ಲಿಗೆ ಬರುವವರಲ್ಲಿ ಬಸ್ಸಿನ ಚಾಲಕರಿದ್ದಾರೆ, ನಿರ್ವಾಹಕರಿದ್ದಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ನಿಲ್ದಾಣಗಳಲ್ಲಿ ದಿನವಿಡೀ ಕುಳಿತು ಹಣ್ಣು ಮಾರುವ ತಾಯಂದಿರಿದ್ದಾರೆ. ಸಿತೋಪಲಾದಿ ಚೂರ್ಣವನ್ನು ಜೇನಿನೊಡನೆ ಕೊಡುತ್ತೇವೆ. ಮರುದಿನ ಅವರು ಅದೇ ಹೊಗೆಗೆ ಮರಳುತ್ತಾರೆ. ರೋಗಕಾರಣವನ್ನು ದೂರಮಾಡುವ ನಿದಾನಪರಿವರ್ಜನವೇ ಮೊದಲ ಚಿಕಿತ್ಸೆಯೆಂಬುದು ಆಯುರ್ವೇದದ ನಿಲುವು. ಡೀಸೆಲ್ ಹೊಗೆಯು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿಯೇ ನಿರ್ಣಯಿಸಿದೆ.

ಆದುದರಿಂದ ಜಲಜನಕದ ಬಸ್ಸಿನ ಸುದ್ದಿ ನಮಗೆ ಸಂತಸ ತಂದಿದೆ. ಇಂಧನಕೋಶದಲ್ಲಿ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ವಿದ್ಯುತ್ತು ಹುಟ್ಟುತ್ತದೆ. ಕೊಳವೆಯಿಂದ ಹೊರಬರುವುದು ನೀರು, ನೀರಾವಿ ಮಾತ್ರ. 2023ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ದೆಹಲಿಯಲ್ಲಿ ಇಂಥ ಬಸ್ಸುಗಳ ಪ್ರಾಯೋಗಿಕ ಓಡಾಟವನ್ನು ಆರಂಭಿಸಿತು.

ಆದರೆ ಆ ಜಲಜನಕ ಎಲ್ಲಿಂದ ಬಂತೆಂಬುದನ್ನು ವಿಚಾರಿಸಬೇಕು. ನೀರನ್ನು ವಿಭಜಿಸಿ ಒಂದು ಕಿಲೋ ಜಲಜನಕ ಪಡೆಯಲು ಸುಮಾರು 50 ಯೂನಿಟ್ ವಿದ್ಯುತ್ತು, ಕನಿಷ್ಠ 9 ಲೀಟರ್ ನೀರು ಬೇಕು. ಆ ವಿದ್ಯುತ್ತು ಕಲ್ಲಿದ್ದಲಿನದಾದರೆ ಹೊಗೆ ಅಳಿಯುವುದಿಲ್ಲ, ಊರು ಬದಲಿಸುತ್ತದೆ ಅಷ್ಟೆ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯ 2400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದನ್ನು ನಡೆಸುವ ಎನ್‌ಟಿಪಿಸಿಯೇ ದೂರದ ಲೇಹ್‌ನಲ್ಲಿ ಬಿಸಿಲಿನ ವಿದ್ಯುತ್ತಿನಿಂದ ಜಲಜನಕ ತಯಾರಿಸಿ ಬಸ್ಸು ಓಡಿಸುವ ಯೋಜನೆ ಕೈಗೊಂಡಿದೆ. ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೆ ಬರವೇ?

ವಾಯು, ಜಲ, ದೇಶ, ಕಾಲ ಈ ನಾಲ್ಕು ಕೆಟ್ಟಾಗ ಇಡೀ ಜನಪದವೇ ರೋಗಕ್ಕೀಡಾಗುವುದೆಂದೂ ಅದರ ಮೂಲ ಅಧರ್ಮವೆಂದೂ ಚರಕಸಂಹಿತೆಯ ವಿಮಾನಸ್ಥಾನ ತಿಳಿಸುತ್ತದೆ. ನಗರದವರ ನಿರ್ಮಲ ಉಸಿರಿಗೆ ಹಳ್ಳಿಯವರ ಉಸಿರನ್ನು ಬೆಲೆಯಾಗಿ ತೆರುವುದು ಅಧರ್ಮವೇ ಸರಿ. ಬಸವಣ್ಣನವರು ಹುಟ್ಟಿದ ನೆಲದಲ್ಲಿ ಇದನ್ನು ಹೇಳದಿದ್ದರೆ ಇನ್ನೆಲ್ಲಿ ಹೇಳಬೇಕು?

ನಮ್ಮ ಅಭಿಪ್ರಾಯವಿಷ್ಟು. ಪಟ್ಟಣದೊಳಗಿನ ಓಡಾಟಕ್ಕೆ ಬ್ಯಾಟರಿ ಬಸ್ಸುಗಳೇ ಮೇಲು. ಅಷ್ಟೇ ವಿದ್ಯುತ್ತಿನಲ್ಲಿ ಅವು ಹೆಚ್ಚು ದೂರ ಸಾಗುತ್ತವೆ. ಜಲಜನಕವು ದೂರದ ಮಾರ್ಗಗಳಿಗಿರಲಿ, ಅದೂ ಬಿಸಿಲು-ಗಾಳಿಗಳಿಂದಲೇ ಹುಟ್ಟಲಿ. ಅವು ಬರುವ ತನಕ, ನಿಲ್ದಾಣದಲ್ಲಿ ನಿಂತ ಬಸ್ಸಿನ ಎಂಜಿನ್ ಆರಿಸುವುದನ್ನು ಇಂದೇ ರೂಢಿಸೋಣ. ಅದಕ್ಕೆ ಯಾವ ಯೋಜನೆಯೂ ಬೇಕಿಲ್ಲ. ಪಕ್ಕದಲ್ಲಿ ಬುಟ್ಟಿಯಿಟ್ಟು ಕುಳಿತ ತಾಯಿಯ ನೆನಪಿದ್ದರೆ ಸಾಕು.