ಏರುವ ಬಲ, ನಿಲ್ಲುವ ಬಲ

ಪರೀಕ್ಷೆಗಳು ಮುಗಿದು ಶಾಲೆಗಳಿಗೆ ಬೇಸಗೆಯ ರಜೆ ಬಂದೊಡನೆ ಮಾಟುಂಗದ ನಮ್ಮವರ ಬಿಡಾರಗಳಲ್ಲಿ ಊರಿನ ಮಾತು ಮೊದಲಾಗುತ್ತದೆ. ಹೋಟೆಲಿನ ಭಟ್ಟರು ಧಣಿಗಳ ಮುಖ ನೋಡಿಕೊಂಡು ರಜೆ ಕೇಳುತ್ತಾರೆ. ಆಫೀಸಿನ ಗುಮಾಸ್ತರು ಉಳಿದಿರುವ ರಜೆಯ ದಿನಗಳನ್ನು ಬೆರಳು ಮಡಿಚಿ ಎಣಿಸುತ್ತಾರೆ. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣಗೊಂಡ ಮೇಲೆ ಪ್ರಯಾಣದ ಬಹುಪಾಲು ಕಷ್ಟ ನೀಗಿದೆ. ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣದಲ್ಲಿ ಇಳಿದವರು ನೇರವಾಗಿ ಕೊಲ್ಲೂರಿಗೆ ಹೋಗಿ ದೇವಿಯ ದರ್ಶನ ಪಡೆಯುತ್ತಾರೆ. ಅಷ್ಟು ದೂರ ಹೋದ ಮೇಲೆ ಕೊಡಚಾದ್ರಿಯನ್ನೂ ಕಂಡು ಬರಬೇಕೆಂಬ ಆಸೆ ಯಾರಿಗಿಲ್ಲ? 1,343 ಮೀಟರ್ ಎತ್ತರದ ಆ ಬೆಟ್ಟದ ಕಲ್ಲುಮಣ್ಣಿನ ದಾರಿಯು ಸಾಮಾನ್ಯ ಕಾರಿಗೆ ಹೇಳಿಸಿದ್ದಲ್ಲ. ಅಲ್ಲಿ ಜೀಪನ್ನೇ ಹಿಡಿಯಬೇಕು.

ಜೀಪು ಬೆಟ್ಟ ಏರುವ ಪರಿಯನ್ನು ಕಂಡು ಬಂದವರೆಲ್ಲರೂ ಕೊಂಡಾಡುತ್ತಾರೆ. ಚಾಲಕನು ಸಣ್ಣದೊಂದು ಹಿಡಿಯನ್ನು ಎಳೆದೊಡನೆ ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಸಿಗುತ್ತದೆ. ಗಾಡಿಯು ಹೊಂಡವನ್ನೂ ಬಂಡೆಯನ್ನೂ ಲೆಕ್ಕಿಸದೆ ಮೇಲಕ್ಕೆ ಹೋಗುತ್ತದೆ. ಆದರೆ ಏರಿದ್ದು ಇಳಿಯಲೇಬೇಕಷ್ಟೆ. ಇಳಿಯುವಾಗ ನಮ್ಮನ್ನು ಕಾಯುವುದು ಯಾವುದು ಎಂದು ಕೇಳುವವರನ್ನು ನಾವು ಹೆಚ್ಚಾಗಿ ಕಂಡಿಲ್ಲ. ಇಂದು ನಾವು ಬರೆಯಹೊರಟಿರುವುದು ಆ ಪ್ರಶ್ನೆಯ ವಿಚಾರವಾಗಿಯೇ.

ಜೀಪಿಗೂ ಮುಂಬಯಿಗೂ ಹಳೆಯ ನಂಟು. ಎರಡನೆಯ ಮಹಾಯುದ್ಧದಲ್ಲಿ ಹೆಸರು ಪಡೆದ ಅಮೆರಿಕದ ವಿಲ್ಲೀಸ್ ಜೀಪನ್ನು 1947ರಿಂದ ಮಹೀಂದ್ರಾ ಕಂಪೆನಿಯವರು ಈ ನಗರದಲ್ಲಿಯೇ ಜೋಡಿಸತೊಡಗಿದರು. ಅಂದಿನಿಂದ ನಮ್ಮ ಮಲೆನಾಡಿನಲ್ಲಿ ತೋಟದ ಗೊಬ್ಬರಕ್ಕೂ ಮದುವೆಯ ದಿಬ್ಬಣಕ್ಕೂ ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯಲಿಕ್ಕೂ ಅದೇ ಗತಿಯಾಯಿತು. ಈಚೆಗೆ ನಮ್ಮ ಹೋಟೆಲು ಬಂಧುಗಳಲ್ಲಿ ಅನುಕೂಲವಂತರು ಅಂತಹ ಗಾಡಿಯನ್ನು ಊರಿನ ಮನೆಗೆಂದು ಕೊಳ್ಳುತ್ತಿದ್ದಾರೆ. ಕೊಳ್ಳಲಿ, ಸಂತೋಷ. ಆದರೆ ಫೋರ್ ವೀಲ್ ಡ್ರೈವ್ ಎಂಬ ಹೆಸರನ್ನು ಕೇಳಿ, ಈ ಗಾಡಿಗೆ ಬೇರೆ ಗಾಡಿಗಿಂತ ಹೆಚ್ಚು ಭದ್ರತೆ ಇದೆಯೆಂದು ಅವರು ಭಾವಿಸುವುದು ದೊಡ್ಡ ತಪ್ಪು ತಿಳಿವಳಿಕೆ. ನಾಲ್ಕು ಚಕ್ರಗಳಿಗೆ ಬಲ ಕೊಡುವ ಏರ್ಪಾಡು ಗಾಡಿಯನ್ನು ಚಲಿಸುವುದಕ್ಕಾಗಿ ಇದೆ, ನಿಲ್ಲಿಸುವುದಕ್ಕಾಗಿ ಅಲ್ಲ. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೆ ಇದ್ದೇ ಇದೆ. ಜೀಪಿನ ಜಾತಿಯ ಗಾಡಿಗಳು ಭಾರದಲ್ಲಿ ಹೆಚ್ಚು. ಅವು ಹೋಗುವ ದಾರಿ ಕೆಟ್ಟದ್ದು. ಕೆಸರೂ ನೀರೂ ಧೂಳೂ ಬ್ರೇಕಿನೊಳಗೆ ಸೇರುವುದು ಹೆಚ್ಚು. ಆದುದರಿಂದ ಅವುಗಳ ಬ್ರೇಕಿಗೆ ಉಳಿದವುಗಳಿಗಿಂತ ಹೆಚ್ಚಿನ ಆರೈಕೆ ಬೇಕು.

ಇಳಿತದಲ್ಲಿ ಬ್ರೇಕಿನ ಮೇಲೆ ಬೀಳುವ ಹೊರೆ ಎಷ್ಟೆಂಬುದನ್ನು ಅಡುಗೆಮನೆಯ ಲೆಕ್ಕದಲ್ಲಿಯೇ ಹೇಳೋಣ. ಜನರೂ ಸಾಮಾನೂ ಸೇರಿ ಎರಡು ಟನ್ ತೂಗುವ ಗಾಡಿಯೊಂದು 500 ಮೀಟರ್ ಎತ್ತರದಿಂದ ಕೆಳಗಿಳಿದು ನಿಂತರೆ, ಅದು ಕಳೆದುಕೊಂಡ ಶಕ್ತಿಯಿಂದ ಸುಮಾರು 30 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅರ್ಥಾತ್, ಒಂದು ದೊಡ್ಡ ಹಂಡೆಯ ಕೆಳಗೆ ಉರಿಯುವಷ್ಟು ಶಾಖ! ಗೇರಿನಲ್ಲಿ ಇಳಿದರೆ ಅದರ ಬಹುಭಾಗವನ್ನು ಎಂಜಿನು ಹೊರುತ್ತದೆ. ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಅಷ್ಟೂ ಶಾಖವು ಅಂಗೈಯಗಲದ ಲೈನರುಗಳ ಮೇಲೆಯೂ ಪ್ಯಾಡುಗಳ ಮೇಲೆಯೂ ಬೀಳುತ್ತದೆ. ಕಾದ ಲೈನರಿಗೆ ಹಿಡಿತವಿಲ್ಲ. ಇನ್ನೊಂದು ಅಪಾಯ ಬ್ರೇಕ್ ಆಯಿಲಿನದು. ಈ ಆಯಿಲು ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ಜಾತಿಯ ಹೊಸ ಆಯಿಲು ಕಡಿಮೆಯೆಂದರೆ 205 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯಬಾರದೆಂದು ಕಟ್ಟಳೆ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವು ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ, ಆವಿಯು ಮುಟ್ಟಿಸದು. ಪೆಡಲು ನೆಲ ಮುಟ್ಟುತ್ತದೆ, ಗಾಡಿ ಓಡುತ್ತಲೇ ಇರುತ್ತದೆ.

ಇದನ್ನೆಲ್ಲ ನಾವು ಪುಸ್ತಕ ಓದಿ ಕಲಿತವರಲ್ಲ. ಕಲಿತ ಬಗೆಯನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುವುದು ನಮ್ಮ ಕರ್ತವ್ಯವೆಂದು ಬಗೆದಿದ್ದೇವೆ.

ಕೆಲವು ವರ್ಷಗಳ ಹಿಂದೆ, ನಾವು ಇನ್ನೂ ಹೋಟೆಲಿನ ಗಲ್ಲೆಯ ಮೇಲೆ ಕುಳಿತಿದ್ದ ಕಾಲದಲ್ಲಿ, ಊರಿನ ಮನೆಗೆಂದು ಹಳೆಯದೊಂದು ಜೀಪನ್ನು ಕೊಂಡೆವು. ಹೊಸ ಬಣ್ಣ ಬಳಿಸಿದೆವು; ಸೀಟಿಗೆ ಹೊಸ ಹೊದಿಕೆ ಹಾಕಿಸಿದೆವು; ಮುಂದುಗಡೆ ದೇವರ ಪಟ ಇರಿಸಿ ಸಣ್ಣ ದೀಪವನ್ನೂ ಕೂಡಿಸಿದೆವು. ಬೇಸಗೆಯಲ್ಲಿ ತಾಯಿಯವರನ್ನು ಶೃಂಗೇರಿಗೆ ಕರೆದುಕೊಂಡು ಹೋಗಿ ಆಗುಂಬೆಯ ಮಾರ್ಗವಾಗಿ ಹಿಂದಿರುಗುವುದೆಂದು ನಿಶ್ಚಯವಾಯಿತು. ಹೊರಡುವ ದಿನ ಬೆಳಿಗ್ಗೆ ಚಾಲಕನು ಬಂದು, “ಧಣಿಗಳೇ, ಪೆಡಲು ಸ್ವಲ್ಪ ಕೆಳಕ್ಕೆ ಹೋಗುತ್ತದೆ, ಒಮ್ಮೆ ಗ್ಯಾರೇಜಿಗೆ ತೋರಿಸುವ” ಎಂದನು. ಹಿಂದಿನ ತಿಂಗಳಷ್ಟೇ ಸರ್ವೀಸ್ ಮಾಡಿಸಿ ಹಣ ತೆತ್ತಿದ್ದ ನಾವು, “ಹೋಗಿ ಬಂದ ಮೇಲೆ ನೋಡೋಣ, ಈಗ ಹೊತ್ತಾಯಿತು” ಎಂದುಬಿಟ್ಟೆವು. ಅವನು ಮತ್ತೆ ಮಾತಾಡಲಿಲ್ಲ.

ಆಗುಂಬೆಯ ಘಾಟಿಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳಿವೆ. ನಾವು ಇಳಿಯುತ್ತ ಐದನೆಯದನ್ನು ದಾಟಿದ್ದೆವು. ಪೆಡಲು ಒಮ್ಮೆಲೇ ನೆಲಕ್ಕೆ ಹೋಯಿತು. ಚಾಲಕನು ಎರಡು ಮೂರು ಸಲ ಒತ್ತಿ ನೋಡಿದನು; ಕೈ ನಡುಗದೆ ಗೇರನ್ನು ಕೆಳಕ್ಕಿಳಿಸಿದನು; ಕಣಿವೆಯ ಕಡೆಯನ್ನು ಬಿಟ್ಟು ಗುಡ್ಡದ ಕಡೆಯ ಚರಂಡಿಗೆ ಗಾಡಿಯ ಪಕ್ಕವನ್ನು ತಾಗಿಸಿ ಉಜ್ಜಿಕೊಂಡು ಹೋಗಿ ನಿಲ್ಲಿಸಿದನು. ನಮ್ಮ ತಾಯಿಯವರ ಮುಂಗೈ ಮುರಿಯಿತು. ಗಾಡಿ ಇನ್ನೊಂದು ಮಗ್ಗುಲಿಗೆ ಹೊರಳಿದ್ದರೆ ಈ ಲೇಖನವನ್ನು ಬರೆಯಲು ನಾವಿರುತ್ತಿರಲಿಲ್ಲ.

ಮರುದಿನ ಬೇರೊಬ್ಬ ಮೇಸ್ತ್ರಿಯು ಹಿಂದಿನ ಚಕ್ರವನ್ನು ಬಿಚ್ಚಿ ತೋರಿಸಿದನು. ಚಕ್ರದ ಸಿಲಿಂಡರಿನೊಳಗಿನ ರಬ್ಬರು ಬಟ್ಟಲು ಹರಿದು ಆಯಿಲು ಸೋರಿತ್ತು. ಡ್ರಮ್ಮಿನೊಳಗೆಲ್ಲ ಎಣ್ಣೆ ಬೆರೆತ ಕೆಸರು. ಆ ರಬ್ಬರಿನ ಬೆಲೆ ನಮ್ಮ ಹೋಟೆಲಿನ ಒಂದು ದಿನದ ಕಾಫಿಪುಡಿಯ ಬೆಲೆಗಿಂತ ಎಷ್ಟೋ ಕಡಿಮೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನಾವು ಅಂದು ಚೆನ್ನಾಗಿ ಅರಿತುಕೊಂಡೆವು. ತಿಂಗಳ ಹಿಂದಿನ ಸರ್ವೀಸಿನ ಬಿಲ್ಲನ್ನು ತೆಗೆದು ಓದಿದಾಗ ಅದರಲ್ಲಿ ಇದ್ದುದು ಎಂಜಿನ್ ಆಯಿಲು, ಗ್ರೀಸು, ನೀರು ಹೊಡೆದು ತೊಳೆದುದು, ಇಷ್ಟೇ. ಒಂದು ಚಕ್ರವನ್ನೂ ಬಿಚ್ಚಿರಲಿಲ್ಲ. ಬಿಚ್ಚಿರೆಂದು ನಾವು ಹೇಳಿಯೂ ಇರಲಿಲ್ಲ.

ಆದರೆ ನಮ್ಮ ಮನಸ್ಸಿನಲ್ಲಿ ಇಂದಿಗೂ ಉಳಿದಿರುವುದು ಆ ರಬ್ಬರಲ್ಲ, ಚಾಲಕನ ಮಾತು. ಎರಡನೆಯ ಸಲ ಏಕೆ ಹೇಳಲಿಲ್ಲವೆಂದು ಆಸ್ಪತ್ರೆಯ ಹೊರಗೆ ನಾವು ಅವನನ್ನು ಗದರಿಸಿದೆವು. ಅವನು ತಲೆ ತಗ್ಗಿಸಿ, “ಒಮ್ಮೆ ಹೇಳಿದ್ದೆನಲ್ಲ ಧಣಿಗಳೇ. ಮತ್ತೆ ಹೇಳಿದರೆ ಕೆಲಸಗಳ್ಳ ಎನ್ನುತ್ತೀರೆಂದು ಸುಮ್ಮನಾದೆ” ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ನಿಜವಾಗಿಯೂ ಹಾಗೆಯೇ ಅನ್ನುತ್ತಿದ್ದೆವು.

ಈ ಕಾರಣದಿಂದ ಬ್ರೇಕಿನ ಪರೀಕ್ಷೆಯು ಕೇವಲ ಗ್ಯಾರೇಜಿನ ವಿಷಯವಲ್ಲವೆಂದು ನಾವು ಹೇಳುತ್ತೇವೆ. ಸರಕಾರದ ನಿಯಮಗಳನ್ನು ನಂಬಿ ಕೂರುವಂತೆಯೂ ಇಲ್ಲ. ಬಾಡಿಗೆಗೆ ಓಡುವ ಗಾಡಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷವೂ ಯೋಗ್ಯತಾಪತ್ರ ಪಡೆಯಬೇಕೆಂಬ ನಿಯಮವಿದೆ. ಸ್ವಂತದ ಗಾಡಿಗಾದರೋ ನೋಂದಣಿಯ ಹದಿನೈದು ವರ್ಷ ತುಂಬುವವರೆಗೆ ಅಂತಹ ತಪಾಸಣೆಯೇ ಇಲ್ಲ. ಹೊಗೆಯನ್ನು ಕಾಲಕಾಲಕ್ಕೆ ಅಳೆದು ಕಾಗದ ಕೊಡುತ್ತಾರೆ, ಬ್ರೇಕನ್ನು ಕೇಳುವವರಿಲ್ಲ! ಹಾಗೆಂದು ಮಾಲಿಕರು ಹೊಣೆಯಿಂದ ಪಾರಾದರೆಂದಲ್ಲ. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮು, ತಿಳಿದಿದ್ದ ಇಲ್ಲವೆ ಸಾಧಾರಣ ಎಚ್ಚರಿಕೆಯಿಂದ ನೋಡಿದ್ದರೆ ತಿಳಿಯಬಹುದಾಗಿದ್ದ ದೋಷವುಳ್ಳ ಗಾಡಿಯನ್ನು ರಸ್ತೆಗೆ ಬಿಡುವುದನ್ನು ಅಪರಾಧವೆಂದೇ ಎಣಿಸುತ್ತದೆ. ಅಂದು ನಾವು ಅಪರಾಧಿಗಳೇ ಆಗಿದ್ದೆವು.

ಹಾಗಾದರೆ ಸಾಧಾರಣ ಎಚ್ಚರಿಕೆ ಎಂದರೇನು? ಗಾಡಿ ಹೊರಡುವ ಮೊದಲು ಐದು ನಿಮಿಷ ಸಾಕು. ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಆಮೇಲೆ ಒತ್ತಿಯೇ ಹಿಡಿದು ಮೂವತ್ತು ಎಣಿಸಬೇಕು. ಕಾಲಿನ ಕೆಳಗೆ ಅದು ಮೆಲ್ಲಗೆ ಇಳಿದರೆ ಎಲ್ಲಿಯೋ ಸೋರುತ್ತಿದೆಯೆಂದು ತಿಳಿಯಬೇಕು. ಕಾಲನ್ನು ತೆಗೆಯದೆಯೇ ಎಂಜಿನ್ ಚಾಲೂ ಮಾಡಿದಾಗ ಪೆಡಲು ಸ್ವಲ್ಪವೇ ಕುಸಿದರೆ, ಕಾಲಿಗೆ ನೆರವಾಗುವ ಬೂಸ್ಟರು ಸರಿಯಾಗಿದೆಯೆಂದು ಅರ್ಥ. ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಆಯಿಲಿನ ಡಬ್ಬಿಯಲ್ಲಿ ಮಟ್ಟ ನೋಡಬೇಕು. ಆಯಿಲು ಕಾಫಿಯಂತೆ ಕಪ್ಪಾಗಿದ್ದರೆ ಬದಲಿಸಬೇಕು. ಬಣ್ಣ ಹೇಗೇ ಇರಲಿ, ಎರಡು ವರ್ಷಕ್ಕೊಮ್ಮೆ ಬದಲಿಸುವುದು ಮೇಲು. ಚಕ್ರಗಳ ಒಳಮೈಯಲ್ಲಿ ಒದ್ದೆಯ ಗುರುತು ಇದೆಯೇ ಎಂದು ಬಗ್ಗಿ ನೋಡಬೇಕು.

ಗ್ಯಾರೇಜಿನಲ್ಲಿ ಕೇಳಬೇಕಾದುದು ಬೇರೆ. ನಾಲ್ಕು ಚಕ್ರಗಳನ್ನೂ ನಮ್ಮೆದುರು ಬಿಚ್ಚಬೇಕು. ಪ್ಯಾಡಿನ ದಪ್ಪ ಮೂರು ಮಿಲಿಮೀಟರಿಗೆ ಬಂದಿದ್ದರೆ ಬದಲಿಸಬೇಕು. ಬದಲಿಸುವಾಗ ಒಂದೇ ಚಕ್ರಕ್ಕಲ್ಲ, ಎಡಬಲ ಎರಡಕ್ಕೂ ಒಟ್ಟಿಗೆ ಹಾಕಿಸಬೇಕು. ಇಲ್ಲವಾದರೆ ಬ್ರೇಕು ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಜೀಪಿನ ಆಕ್ಸಲಿನ ತುದಿಯ ಸೀಲು ಹಳತಾದರೆ ಒಳಗಿನ ಎಣ್ಣೆ ಸೋರಿ ಲೈನರಿನ ಮೇಲೆ ಇಳಿಯುವುದುಂಟು. ಅಂತಹ ಲೈನರನ್ನು ಒರೆಸಿ ಮತ್ತೆ ಹಾಕುವ ಮೇಸ್ತ್ರಿಯನ್ನು ನಂಬಬಾರದು. ಗಾಡಿಯನ್ನು ಎತ್ತರಿಸಿ ದಪ್ಪ ಟೈರು ಹಾಕಿಸುವ ಶೋಕಿ ಈಗ ಹೆಚ್ಚಾಗಿದೆ. ಆಗ ರಬ್ಬರು ಹೋಸುಗಳು ಬಿಗಿಯುತ್ತವೆಯೇ ಎಂದು ನೋಡಬೇಕು. ದೊಡ್ಡ ಚಕ್ರವನ್ನು ನಿಲ್ಲಿಸಲು ಅದೇ ಬ್ರೇಕಿಗೆ ಹೆಚ್ಚು ಶ್ರಮವೆಂಬುದನ್ನೂ ಮರೆಯಬಾರದು. ಹಳೆಯ ವಿಲ್ಲೀಸ್ ಜಾತಿಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಚಕ್ರಗಳಲ್ಲಿ ಇರುವುದಿಲ್ಲ, ಗೇರಿನ ಹಿಂದಿನ ಶಾಫ್ಟಿನ ಮೇಲೆ ಇರುತ್ತದೆ. ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ತೆಗೆದ ಹಳೆಯ ಸಾಮಾನನ್ನು ಕೈಗೆ ಕೊಡಿರೆಂದು ಕೇಳಲು ಸಂಕೋಚ ಬೇಡ.

ದಾರಿಯಲ್ಲಿ ಅನುಸರಿಸಬೇಕಾದುದು ಎರಡೇ ಮಾತು. ಹಳ್ಳ ದಾಟಿದ ಮೇಲೆ ಮೆಲ್ಲನೆ ಹೋಗುತ್ತ ಬ್ರೇಕನ್ನು ಹಗುರವಾಗಿ ಒತ್ತಿ ಒತ್ತಿ ಒಣಗಿಸಬೇಕು. ಏರಿದ ಗೇರಿನಲ್ಲಿಯೇ ಇಳಿಯಬೇಕು. ಡೀಸೆಲ್ ಉಳಿಸಲೆಂದು ಎಂಜಿನ್ ಆರಿಸಿ ಇಲ್ಲವೆ ನ್ಯೂಟ್ರಲ್ಲಿನಲ್ಲಿ ಗಾಡಿ ಬಿಡುವವನನ್ನು ಕಂಡರೆ ಅಲ್ಲಿಯೇ ಇಳಿದುಬಿಡುವುದು ಲೇಸು. 2022ರ ನವಂಬರ 20ರಂದು ಪುಣೆಯ ನವಲೆ ಸೇತುವೆಯ ಬಳಿ, ನಮ್ಮ ಊರಿನ ಬಸ್ಸುಗಳು ಹಾದುಹೋಗುವ ಹೆದ್ದಾರಿಯಲ್ಲಿಯೇ, ಲಾರಿಯೊಂದು ಸುಮಾರು ನಾಲ್ಕು ಡಜನು ವಾಹನಗಳನ್ನು ಜಜ್ಜಿತು. ಮೊದಲು ಬ್ರೇಕು ಕೆಟ್ಟಿತೆಂದು ಸುದ್ದಿಯಾಯಿತು. ಇಳಿಜಾರಿನಲ್ಲಿ ಎಂಜಿನ್ ಆರಿಸಿದ್ದೇ ಕಾರಣವೆಂದು ಆಮೇಲೆ ಪೊಲೀಸರು ಹೇಳಿದರು.

ನಮಗೆ ಗಾಡಿಯಿಲ್ಲ, ಈ ಮಾತು ನಮಗೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. 2023ರ ಜುಲೈ 4ರಂದು ಧುಳೆ ಜಿಲ್ಲೆಯ ಪಳಾಸನೇರದಲ್ಲಿ ಕಂಟೇನರ್ ಲಾರಿಯೊಂದು ಹೆದ್ದಾರಿಯ ಬದಿಯ ಹೋಟೆಲಿಗೆ ನುಗ್ಗಿತು. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಸತ್ತರು. ಬ್ರೇಕು ಕೆಟ್ಟದ್ದೇ ಕಾರಣವೆಂದು ಪೊಲೀಸರು ಅಂದು ಹೇಳಿದರು. ಬೇರೊಬ್ಬರ ಬ್ರೇಕು ನಮ್ಮ ಬಾಗಿಲಿಗೆ ಹೀಗೂ ಬರುತ್ತದೆ.

ಇನ್ನು ನಮ್ಮವರಿಗೆ ನಾಲ್ಕು ಮಾತು. ಹೋಟೆಲಿನ ಟೆಂಪೊ ಓಡಿಸುವ ತಮ್ಮಂದಿರೇ, ಪೆಡಲಿನ ದೋಷವನ್ನು ಮೊದಲು ಅರಿಯುವುದು ನಿಮ್ಮ ಕಾಲು. ಒಮ್ಮೆ ಹೇಳಿ ಸುಮ್ಮನಾಗಬೇಡಿ. ಎರಡನೆಯ ಸಲ ಹೇಳಿ, ಮೂರನೆಯ ಸಲ ಬೀಗದ ಕೈಯನ್ನು ಗಲ್ಲೆಯ ಮೇಲೆ ಇಡಿ. ಗುಮಾಸ್ತರೇ, ರಿಪೇರಿಯ ಬಿಲ್ಲು ನಿಮ್ಮ ಮೇಜಿಗೆ ಬಂದಾಗ ಬಣ್ಣದ ಖರ್ಚನ್ನು ತಡೆಹಿಡಿಯಿರಿ, ಬ್ರೇಕಿನ ಖರ್ಚನ್ನು ತಡೆಹಿಡಿಯಬೇಡಿ. ಊರಿಗೆ ಯಾತ್ರೆ ಹೊರಡಿಸುವ ಸಂಘಗಳ ಕಾರ್ಯದರ್ಶಿಗಳು ಬಾಡಿಗೆಯ ದರವನ್ನು ಚೌಕಾಶಿ ಮಾಡುವ ಮುನ್ನ, ಬ್ರೇಕನ್ನು ಯಾವಾಗ ಬಿಚ್ಚಿ ನೋಡಿದಿರೆಂದು ಕೇಳಿ ಬರೆಸಿಕೊಳ್ಳಲಿ. ಕೊಡಚಾದ್ರಿಯ ಜೀಪಿನವರು ಆ ಕೆಟ್ಟ ದಾರಿಯಲ್ಲಿಯೇ ಹೊಟ್ಟೆ ಹೊರೆಯುವವರು. ಅವರೊಡನೆ ಇನ್ನೂರು ರೂಪಾಯಿಗೆ ಜಗ್ಗಾಡಿದರೆ ಆ ಇನ್ನೂರು ಲೈನರಿನ ಖರ್ಚಿನಲ್ಲಿಯೇ ಕಡಿತವಾದೀತು.

ಕೊನೆಯದಾಗಿ ಧಣಿಗಳಿಗೆ. ಇಡ್ಲಿಯ ಹಿಟ್ಟು ಹುಳಿಯಾಗಿದೆಯೆಂದು ಮಾಣಿ ಬಂದು ಹೇಳಿದರೆ ನಾವು ಅವನನ್ನು ಮೆಚ್ಚುತ್ತೇವೆ. ಗಿರಾಕಿ ಹೋದಾನೆಂಬ ಭಯ ನಮಗಿದೆ. ಬ್ರೇಕು ಸರಿಯಿಲ್ಲವೆಂದು ಚಾಲಕನು ಹೇಳಿದಾಗಲೂ ಅದೇ ಕಿವಿಯಿಂದ ಕೇಳೋಣ. ನಮ್ಮ ಆ ಚಾಲಕನು ಇಂದಿಗೂ ನಮ್ಮ ಮನೆಯಲ್ಲಿಯೇ ಇದ್ದಾನೆ. ಗಾಡಿ ಹೊರಡುವುದೋ ಬೇಡವೋ ಎಂಬುದನ್ನು ಈಗ ಅವನೇ ನಿಶ್ಚಯಿಸುತ್ತಾನೆ. ನಾವು ಬಾಯಿ ಹಾಕುವುದಿಲ್ಲ. ಕಳೆದ ಬೇಸಗೆಯಲ್ಲಿ ಅವನು ಒಂದು ದಿನ ಬೇಡವೆಂದನು. ಅಂದು ನಾವು ಬಸ್ಸಿನಲ್ಲಿ ಹೋದೆವು.