ದೋಣಿಗೆ ಕಾಸು, ದಡದಲ್ಲಿ ಖುಷಿ

ಕೇರಳದ ಆಲಪ್ಪುಳದ ಹೌಸ್‌ಬೋಟ್ ಫೋಟೊ ನಿಮ್ಮ ವಾಟ್ಸಾಪ್‌ಗೂ ಬಂದೇ ಇರುತ್ತದೆ. ಬಾಗಿದ ತೆಂಗಿನಮರ, ಬಿದಿರು ತಟ್ಟಿಯ ಮಾಡು, ಮುಂದೆ ಕುರ್ಚಿ ಹಾಕಿಕೊಂಡು ಕೂತ ಗಂಡ ಹೆಂಡತಿ. ಕಳೆದ ಜನವರಿಯಲ್ಲಿ ನಾವು ಐದು ಜನ ಕಾಸು ಕೂಡಿಸಿ ಹೋಗಿ ಬಂದೆವು. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ದೋಣಿ ಬೇಜಾರು, ದಡದ ಊರುಗಳು ಬಲು ಚೆಂದ. ನಮ್ಮ ಕರಾವಳಿಯ ಹಿನ್ನೀರಿಗೂ ಪ್ರವಾಸಿ ದೋಣಿಗಳು ಬಂದಿವೆ, ಅದಕ್ಕೇ ಈ ಮಾತು.

ಹೌಸ್‌ಬೋಟ್ ಹತ್ತುವುದು ಮಧ್ಯಾಹ್ನ 12ಕ್ಕೆ, ಇಳಿಯುವುದು ಮರುದಿನ ಬೆಳಗ್ಗೆ 9ಕ್ಕೆ. 21 ಗಂಟೆಯ ಬಾಡಿಗೆ. ಅದರಲ್ಲಿ ದೋಣಿ ಓಡಿದ್ದು ಐದು ಗಂಟೆಯೂ ಇಲ್ಲ. ಸಂಜೆ ಐದೂವರೆಗೆ ಕಟ್ಟಿಹಾಕಿದರು. ಆಮೇಲೆ ಮೀನುಗಾರರು ಬಲೆ ಬಿಡುವ ಹೊತ್ತು, ದೊಡ್ಡ ದೋಣಿ ಓಡಿಸುವಂತಿಲ್ಲ. ಅದು ನ್ಯಾಯವಾದ ನಿಯಮ, ನಮಗೆ ತಕರಾರಿಲ್ಲ. ತಕರಾರು ಇರುವುದು ಉಳಿದದ್ದಕ್ಕೆ. ನಮ್ಮ ಅಕ್ಕಪಕ್ಕ ಸಂತೆಗೆ ಬಂದ ಗಾಡಿಗಳ ಹಾಗೆ ಇನ್ನೂ ಎಂಟು ಹೌಸ್‌ಬೋಟ್ ನಿಂತವು. ಒಂದೊಂದರಲ್ಲೂ ಜನರೇಟರ್, ಒಂದೊಂದರಲ್ಲೂ ಬೇರೆ ಬೇರೆ ಹಾಡು. ಎಸಿ ರಾತ್ರಿ ಒಂಬತ್ತಕ್ಕೆ ಮಾತ್ರ. ಅಲ್ಲಿಯವರೆಗೆ ಕಿಟಕಿ ತೆಗೆದರೆ ಸೊಳ್ಳೆ, ಮುಚ್ಚಿದರೆ ಬೆವರು. ನೀರಿನ ಮೇಲೆ ಡೀಸೆಲ್ ಪದರ. ಅದೇ ನೀರಿನಲ್ಲಿ ಎದುರು ಮನೆಯ ಹೆಂಗಸೊಬ್ಬರು ಪಾತ್ರೆ ತೊಳೆಯುತ್ತಿದ್ದರು. ಪಕ್ಕದ ದೋಣಿಯವರು ಅವರ ಫೋಟೊ ತೆಗೆಯುತ್ತಿದ್ದರು.

ದೋಣಿಯ ಕೆಲಸದ ಮೂವರೂ ಒಳ್ಳೆಯವರು, ಅಡುಗೆಯೂ ಚೆನ್ನಾಗಿತ್ತು. ಅವರ ಮೇಲೆ ದೂರಿಲ್ಲ.

ಈ ದೋಣಿಗಳ ಪೂರ್ವಕಥೆ ರೈತರಿಗೆ ಇಷ್ಟವಾಗುವಂಥದು. ಮಲಯಾಳದಲ್ಲಿ ಇದಕ್ಕೆ ಕೆಟ್ಟುವಳ್ಳಂ ಅನ್ನುತ್ತಾರೆ, ಅಂದರೆ ಕಟ್ಟಿದ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ಭತ್ತ, ಅಕ್ಕಿ ಸಾಗಿಸಲು ಇದ್ದ ದೋಣಿಗಳಿವು. ರಸ್ತೆ, ಲಾರಿ ಬಂದಮೇಲೆ ಕೆಲಸ ಕಳೆದುಕೊಂಡವು. 1990ರ ದಶಕದಲ್ಲಿ ಅವಕ್ಕೆ ಕೋಣೆ ಕಟ್ಟಿ ಪ್ರವಾಸಿಗರನ್ನು ಕೂರಿಸಿದರು. ಭತ್ತ ಹೊರುವಾಗ ಅದು ಪ್ರತಿ ಊರಿನ ಕಡವಿನಲ್ಲೂ ನಿಲ್ಲುತ್ತಿತ್ತು. ಈಗ ಊರುಗಳ ಪಕ್ಕದಲ್ಲೇ ಸಾಗುತ್ತದೆ, ನಿಲ್ಲುವುದಿಲ್ಲ.

ನಾವು ಹಟ ಹಿಡಿದು ಎರಡು ಕಡೆ ನಿಲ್ಲಿಸಿಕೊಂಡೆವು. ಮೊದಲನೆಯದು ಗದ್ದೆ. ಒಡ್ಡಿನ ಮೇಲೆ ನಿಂತರೆ ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಆ ನೀರಿನ ಮಟ್ಟಕ್ಕಿಂತ ಒಂದಾಳು ಕೆಳಗೆ ಹಸಿರು ಭತ್ತ. ನಮ್ಮ ಗದ್ದೆಗೆ ನೀರು ಹಾಯಿಸಲು ಮೋಟಾರು ಬೇಕು, ಇವರಿಗೆ ನೀರು ಹೊರಹಾಕಲು ಬೇಕು! ಕುಟ್ಟನಾಡಿನ ಬಹುಪಾಲು ಗದ್ದೆ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಈ ಬೇಸಾಯ ಪದ್ಧತಿಯನ್ನು 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪಾರಂಪರಿಕ ಕೃಷಿ ಎಂದು ಗುರುತಿಸಿದೆ. ನಮ್ಮಲ್ಲಿ ಒಬ್ಬಳಿಗೆ ಅಲ್ಪಸ್ವಲ್ಪ ಮಲಯಾಳ ಬರುತ್ತದೆ. "ಚೇಟ್ಟಾ, ಮೋಟಾರು ನಿಂತರೆ?" ಎಂದು ಕೇಳಿದಳು. ಗದ್ದೆಯಲ್ಲಿದ್ದ ಹಿರಿಯರು ನಕ್ಕು, "ಮೋಳೇ, ಆಗ ಇಲ್ಲಿಗೂ ದೋಣಿ ಬರುತ್ತದೆ" ಅಂದರು. ಒಂದು ಬಯಲಿನ ರೈತರೆಲ್ಲ ಸಮಿತಿ ಮಾಡಿಕೊಂಡು ಒಟ್ಟಿಗೇ ನೀರೆತ್ತಿಸುತ್ತಾರೆ. ಒಬ್ಬರ ಗದ್ದೆ ಮಾತ್ರ ಒಣಗಿಸಲು ಆಗುವುದಿಲ್ಲವಲ್ಲ. ಬೇಸಿಗೆಯಲ್ಲಿ ಕಡಲಿನ ಉಪ್ಪುನೀರು ಒಳಗೆ ಬರದಂತೆ ತಣ್ಣೀರ್ಮುಕ್ಕಂನಲ್ಲಿ ಬಾಗಿಲುಗಳಿರುವ ಒಡ್ಡು ಇದೆ. ಅದನ್ನು ಮುಚ್ಚಿ ಎನ್ನುವುದು ರೈತರು, ತೆರೆಯಿರಿ ಎನ್ನುವುದು ಮೀನುಗಾರರು. ಕೆರೆ ತೂಬಿನ ಜಗಳ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಕಳೆದ ಮುಕ್ಕಾಲು ಗಂಟೆ ಇಡೀ ಪ್ರವಾಸದಲ್ಲೇ ಒಳ್ಳೆಯದು.

ಎರಡನೆಯದು ಕರುಮಾಡಿ. ಕಾಲುವೆ ಪಕ್ಕದಲ್ಲಿ ಅರ್ಧ ದೇಹದ ಕಪ್ಪುಕಲ್ಲಿನ ಬುದ್ಧ ಕೂತಿದ್ದಾನೆ. ಊರವರು ಕರುಮಾಡಿಕುಟ್ಟನ್ ಎನ್ನುತ್ತಾರೆ, ಮನೆಮಗನನ್ನು ಕರೆದ ಹಾಗೆ.

ಮಾರನೇ ದಿನ ಆಲಪ್ಪುಳದಿಂದ ಕೊಟ್ಟಾಯಂಗೆ ಸರ್ಕಾರಿ ದೋಣಿ ಹತ್ತಿದೆವು. ಸುಮಾರು ಎರಡೂವರೆ ಗಂಟೆ, ಅದೇ ನೀರು, ಅದೇ ತೆಂಗು. ನಮ್ಮ ಹಳ್ಳಿ ಬಸ್ಸಿನ ಹಾಗೆ ಕಡವು ಕಡವಿಗೂ ನಿಲ್ಲುತ್ತದೆ. ಮಕ್ಕಳು ಶಾಲೆ ಚೀಲ ಹೊತ್ತು ಹತ್ತಿದರು, ಒಬ್ಬಜ್ಜಿ ಬುಟ್ಟಿ ಇಟ್ಟುಕೊಳ್ಳಲು ನಮ್ಮನ್ನು ಸರಿಸಿ ಕೂರಿಸಿದರು. ಹೋಗುವವರು ಇದನ್ನು ಬಿಡಬೇಡಿ.

ಊರಿಗೆ ಬಂದು ಲೆಕ್ಕ ಹಾಕಿದೆವು. ಹೌಸ್‌ಬೋಟ್‌ಗೆ 11,500 ರೂಪಾಯಿ. ದಡದಲ್ಲಿ ಎಳನೀರು, ಚಹಾ, ಒಂದು ಉಂಡೆ ನಾರಿನ ಹಗ್ಗ ಎಲ್ಲ ಸೇರಿ 640. ಖುಷಿ ಕೊಟ್ಟವರಿಗೆ ಸಿಕ್ಕಿದ್ದು ಇಷ್ಟು. ಗದ್ದೆಯ ಹಿರಿಯರಿಗೆ ಅದರಲ್ಲೂ ಏನೂ ಇಲ್ಲ. ಪ್ರವಾಸೋದ್ಯಮದಿಂದ ಹಳ್ಳಿ ಉದ್ಧಾರ ಎನ್ನುವ ಭಾಷಣ ಕೇಳಿದಾಗಲೆಲ್ಲ ನಮಗೀಗ ಈ ಎರಡು ಅಂಕಿ ಎದುರು ಬರುತ್ತವೆ.

ಉಡುಪಿಯ ಕೋಡಿ ಬೆಂಗ್ರೆ ಕಡೆ ಹೌಸ್‌ಬೋಟ್ ಓಡುತ್ತಿವೆ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ನಡುವೆ ಪ್ರವಾಸಿ ದೋಣಿಗಳಿವೆ. ಪಕ್ಕದ ಕುಮಟಾದ ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ ಸಿಕ್ಕಿತು. ಕುಟ್ಟನಾಡಿಗೆ ಸಾಟಿಯಾದ ಬೇಸಾಯ ಅಲ್ಲೇ ಇದೆ: ಗಜನಿ ಗದ್ದೆ, ಉಪ್ಪುನೀರು ತಾಳುವ ಕಗ್ಗ ಭತ್ತ, ಇಳಿತದ ಹೊತ್ತಿಗೆ ಬಳಚು ಆರಿಸುವ ಹೆಂಗಸರು. ಇವನ್ನೆಲ್ಲ ದೂರದಿಂದ ಫೋಟೊ ಹೊಡೆದು ಮುಂದೆ ಹೋಗುವ ದೋಣಿ ನಮಗೆ ಬೇಡ. ಪರವಾನಗಿ ಕೊಡುವಾಗಲೇ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದು ಬರೆಸಬೇಕು. ದೋಣಿ ಕಟ್ಟಿದ ಕಡೆ ಗ್ರಾಮ ಪಂಚಾಯ್ತಿಗೆ ಶುಲ್ಕ ಬರಬೇಕು. ಊಟ ಸ್ತ್ರೀಶಕ್ತಿ ಸಂಘದ ಅಡುಗೆಮನೆಯಿಂದ ಬರಲಿ. ಶೌಚದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುವ ತನಕ ಒಂದು ದೋಣಿಯನ್ನೂ ನೀರಿಗಿಳಿಸಬಾರದು.

ದೋಣಿ ಮಾಲೀಕರು ಇದರಿಂದ ನಷ್ಟ ಅನ್ನಬಹುದು. ಆದರೆ ನಮ್ಮ ಐವರಲ್ಲಿ ಯಾರನ್ನು ಕೇಳಿದರೂ ಮತ್ತೆ ಹೋಗುವುದು ಆ ಗದ್ದೆಗೆ, ಎಸಿ ಕೋಣೆಗಲ್ಲ. ಹೊನ್ನಾವರ, ಕುಮಟಾ, ಉಡುಪಿ ಕಡೆಯ ಓದುಗರೇ, ನಿಮ್ಮ ಗ್ರಾಮಸಭೆಯಲ್ಲಿ ಜೆಟ್ಟಿ, ದೋಣಿಯ ವಿಷಯ ಬಂದಿದ್ದರೆ ನಮಗೊಂದು ಮಾತು ತಿಳಿಸಿ, ಬಂದು ನೋಡಿ ಬರೆಯುತ್ತೇವೆ.